ಪದಚರ್ಚೆ: ‘ಡೌಲಾ’ಗೆ ಫಲಕದಲ್ಲಿ ಏನು ಬರೆಯುವುದು?

ಉಡುಪಿಯ ಒಂದು ಆಸ್ಪತ್ರೆಯ ಹೆರಿಗೆ ಕೋಣೆಗೆ ಫಲಕ ಬರೆದುಕೊಡಬೇಕು, ನಾಡಿದ್ದು ಅಚ್ಚಿಗೆ ಹೋಗುತ್ತದೆ. ‘ಗಂಡ ಅಥವಾ ಡೌಲಾ ಒಳಗಿರಬಹುದು’ ಎಂದು ಒಕ್ಕಣೆ. ಡೌಲಾ ಎಂದರೆ ಹೆರಿಗೆಯ ಹೊತ್ತಿನಲ್ಲಿ ಹೆರುವವಳ ಪಕ್ಕದಲ್ಲೇ ಇದ್ದು ಆಸರೆಯಾಗುವವಳು. ಅದಕ್ಕೆ ಕನ್ನಡ ಬೇಕು. ‘ಪ್ರಸವ ಸಹಾಯಕಿ’ ಎಂದರೆ ನರ್ಸ್ ಅಂದುಕೊಳ್ಳುತ್ತಾರೆ.

ಉತ್ತರ 1
ಸೂಲಗಿತ್ತಿ ಇರುವಾಗ ಹುಡುಕುವುದೆಂತಕ್ಕೆ? ಸೂಲು, ಗಿತ್ತಿ: ಒಕ್ಕಲಗಿತ್ತಿ, ಮದುವಣಗಿತ್ತಿಯ ಹಾಗೆ. ಪ್ರಸವ ಸಂಸ್ಕೃತ, ಡೌಲಾ ಗ್ರೀಕ್. ಚರ್ಚೆ ಮುಗಿಯಿತು.

ಉತ್ತರ 2
ಮುಗಿಯಲಿಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುವವಳು. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಕೆಲಸಕ್ಕೆ. ಡೌಲಾ ಹೆರಿಗೆ ಮಾಡಿಸುವುದಿಲ್ಲ, ತಪಾಸಣೆ ಮಾಡುವುದಿಲ್ಲ, ಮದ್ದು ಕೊಡುವುದಿಲ್ಲ. ನೋವು ಏರುವಾಗ ಅಂಗೈ ಬುಡದಿಂದ ಸೊಂಟ ಒತ್ತಿ ಹಿಡಿಯುತ್ತಾಳೆ, ನೋವು ಇಳಿದಾಗ ಗುಟುಕು ನೀರು ಕುಡಿಸುತ್ತಾಳೆ, ಗಾಬರಿಯಲ್ಲಿ ನಿಂತ ಗಂಡನಿಗೆ ಎಲ್ಲಿ ಕೈಯಿಡಬೇಕೆಂದು ತೋರಿಸುತ್ತಾಳೆ. ದಾದಿಯರ ಪಾಳಿ ಬದಲಾದರೂ ಅವಳು ಕದಲುವುದಿಲ್ಲ. ಬಾಗಿಲಲ್ಲಿ ‘ಸೂಲಗಿತ್ತಿ’ ಎಂದಿದ್ದರೆ ಹೆರಿಗೆಯೇ ಅವಳ ಕೈಯಲ್ಲಿ ಎಂದು ಮನೆಯವರು ನಂಬುತ್ತಾರೆ. ಅದು ಅಪಾಯ. ನಮ್ಮ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ ಮೀಯಿಸಲು ಬರುವವರೂ ಬೇರೆಯೇ, ಅವರ ಕೆಲಸ ಆಮೇಲಿನದ್ದು.

ಡೌಲಾ ನನಗೂ ಬೇಡ, ಎರವಲೆಂದಲ್ಲ. ಗ್ರೀಕಿನಲ್ಲಿ ಅದು ಊಳಿಗದವಳು, ನಮ್ಮ ಕಿವಿಗೆ ಡೌಲು. ಸಂಸ್ಕೃತದ ಮೇಲೆ ಮುನಿಸಾದರೆ ‘ದಾದಿ’ಯನ್ನೂ ಬಿಡಬೇಕಾದೀತು, ಅದು ಧಾತ್ರಿಯ ತದ್ಭವ.

‘ಹೆರಿಗೆಯ ಜತೆಗಾರ್ತಿ’ ಎನ್ನಿ. ಅದಕ್ಕಿಂತ ನನ್ನನ್ನು ಚುಚ್ಚುತ್ತಿರುವುದು ಆ ‘ಅಥವಾ’. ಗಂಡನ ಜಾಗಕ್ಕೆ ಬರುವವಳಲ್ಲ ಅವಳು. ಇಬ್ಬರೂ ಇದ್ದರೆ ಇನ್ನೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನಲ್ಲಿ ಇರುವುದು ಹೆರುವವಳು ತಾನೇ ಆರಿಸಿಕೊಂಡ ಜತೆಗಾರರ ಮಾತು. ಫಲಕ ಅವಳನ್ನು ಉದ್ದೇಶಿಸಿ ಇರಲಿ: ‘ನೀವು ಬಯಸಿದವರು ನಿಮ್ಮ ಜತೆಗಿರಬಹುದು: ಗಂಡ, ತಾಯಿ, ಹೆರಿಗೆಯ ಜತೆಗಾರ್ತಿ.’

ಉತ್ತರ 1
‘ಗಾರ’ ಸಂಸ್ಕೃತದ ‘ಕಾರ’. ಜತೆಗಾರ್ತಿ ಪ್ರವಾಸಕ್ಕೂ ಆಗುತ್ತಾಳೆ. ಕನ್ನಡ ಕೇಳಿದವರಿಗೆ ಅರ್ಧ ಕನ್ನಡ ಕೊಟ್ಟಿರಿ.

ಉತ್ತರ 2
ಮಲ್ಪೆಯ ಮೀನುಗಾರರನ್ನು ಅರ್ಧ ಕನ್ನಡಿಗರೆಂದು ಯಾರೂ ಕರೆದಿಲ್ಲ. ಪ್ರವಾಸದ ಗೊಂದಲ ಬಾರದಂತೆ ‘ಹೆರಿಗೆಯ’ ಎಂದು ಮೊದಲೇ ಇಟ್ಟಿದ್ದೇನೆ.

ಕೇಳಿದವರಿಂದ
‘ಹೆರಿಗೆಯ ಜತೆಗಾರ್ತಿ’ ತೆಗೆದುಕೊಂಡೆ. ಸದ್ಯ ಒಬ್ಬರಿಗೆ ಮಾತ್ರ ಅನುಮತಿ. ಇಬ್ಬರನ್ನು ಬಿಡುವಿರಾ ಎಂದು ನಾಳೆ ಬೆಳಿಗ್ಗೆ ಡಾಕ್ಟರಲ್ಲಿ ಕೇಳುತ್ತೇನೆ. ಒಪ್ಪಿದರೆ ನಿಮ್ಮ ಒಕ್ಕಣೆಯೇ ಅಚ್ಚಿಗೆ ಹೋಗುತ್ತದೆ.