ಸೋಮವಾರ ಬೆಳಗ್ಗೆ ಕೂಲಂಟ್ ಗಬ್ಬು ವಾಸನೆ: ಬ್ರ್ಯಾಂಡ್ ಬದಲಿಸಬೇಕೇ?

ವಿಎಂಸಿ_ಪೀಣ್ಯ:
ಎರಡು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷೀನು), ಕೂಲಂಟಿಗೆ (ಲೋಹ ಕತ್ತರಿಸುವಾಗ ಹರಿಸುವ, ನೀರಿಗೆ ಎಣ್ಣೆ ಬೆರೆಸಿದ ದ್ರವ) ತಲಾ 250 ಲೀಟರ್ ಟ್ಯಾಂಕ್. ಹೆಚ್ಚಾಗಿ ಬೀಡಿನ (ಎರಕದ ಕಬ್ಬಿಣದ) ಕೆಲಸ, ನಡುನಡುವೆ ಎಂಎಸ್ (ಮೈಲ್ಡ್ ಸ್ಟೀಲ್). ಒಂದನೇ ಮಷೀನಿನ ಕೂಲಂಟ್ ಪೂರ್ತಿ ಬದಲಿಸಿ ಐದು ವಾರವಾಗಿದೆ ಅಷ್ಟೇ, ಸೋಮವಾರ ಶೆಡ್ ತೆರೆದರೆ ಕೊಳೆತ ಮೊಟ್ಟೆ ವಾಸನೆ. ಮೇಲೆ ಕಂದು ಎಣ್ಣೆ ಪದರ. ರಾತ್ರಿ ಬಿಟ್ಟ ಪಾರ್ಟ್ ಬೆಳಗ್ಗೆ ತುಕ್ಕು. ರಿಫ್ರಾಕ್ಟೋಮೀಟರಲ್ಲಿ (ಸಾಂದ್ರತೆ ಅಳೆಯುವ ಮೀಟರ್) 3 ಬ್ರಿಕ್ಸ್, ಡಬ್ಬದ ಮೇಲೆ ಫ್ಯಾಕ್ಟರ್ 1 ಎಂದಿದೆ, ಅಂದರೆ 3 ಪರ್ಸೆಂಟ್. ಪಿಎಚ್ 8ರಿಂದ 8.5ರ ನಡುವೆ. ಬೋರ್‌ವೆಲ್ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣ) 900. ಫಿನಾಯಿಲ್ ಸುರಿದರೆ ಎರಡು ದಿನ ವಾಸನೆ ಅಡಗುತ್ತೆ, ಅಷ್ಟೇ.

ಟೂಲ್‌ರೂಮ್:
ಬ್ರ್ಯಾಂಡ್ ಬದಲಿಸಿದರೂ ಇದೇ ಕಥೆ. ಆ ಕಂದು ಪದರ ನಿಮ್ಮ ಸ್ಲೈಡ್‌ವೇ ಎಣ್ಣೆ (ಮಷೀನಿನ ಜಾರುವ ಹಳಿಗಳಿಗೆ ಬಿಡುವ ಎಣ್ಣೆ). ಶನಿವಾರ ಪಂಪ್ ನಿಂತ ಮೇಲೆ ಅದು ಟ್ಯಾಂಕಿಗೆ ಮುಚ್ಚಳ ಹಾಕಿದ ಹಾಗೆ ಕೂತು ಗಾಳಿ ತಡೆಯುತ್ತೆ. ಕೆಳಗೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತೆ, ಪಿಎಚ್ ಇಳಿಯುತ್ತೆ, ತುಕ್ಕು ಶುರು. ಸಾಂದ್ರತೆ 3 ಪರ್ಸೆಂಟ್ ಇದ್ದರಂತೂ ಅವಕ್ಕೆ ಹಬ್ಬ. ಬೀಡಿಗೆ 6ರಿಂದ 8, ಪಿಎಚ್ 8.8ರಿಂದ 9.3 ಇರಲಿ.

ಬೆಲ್ಟ್ ಸ್ಕಿಮ್ಮರ್ (ತೇಲುವ ಎಣ್ಣೆಯನ್ನು ಬೆಲ್ಟಿಗೆ ಅಂಟಿಸಿ ತೆಗೆಯುವ ಸಾಧನ) ಹಾಕಿ, ಜೊತೆಗೆ ಟೈಮರ್. ಮಷೀನ್ ಓಡುವಾಗ ಎಣ್ಣೆ ಕಲಕಿ ಹೋಗಿರುತ್ತೆ, ಬೆಲ್ಟಿಗೆ ಸಿಗೋದು ಬರೀ ಕೂಲಂಟ್. ಶಿಫ್ಟ್ ಶುರುವಾಗುವ ಎರಡು ಗಂಟೆ ಮುಂಚೆ ಓಡಿಸಿ. ರಜೆ ದಿನಕ್ಕೆ ಮೀನಿನ ತೊಟ್ಟಿಯ ಏರ್ ಪಂಪ್, ಏರ್ ಸ್ಟೋನ್ ಟ್ಯಾಂಕಿನ ತಳಕ್ಕೆ ಬಿಟ್ಟರೂ ವಾಸನೆ ಎಷ್ಟೋ ಕಮ್ಮಿ. ಸ್ಲೈಡ್‌ವೇ ಲೂಬ್ ಟ್ಯಾಂಕ್ ಬೇಗ ಖಾಲಿಯಾಗ್ತಿದ್ದರೆ ಮೀಟರಿಂಗ್ ವಾಲ್ವ್, ಪೈಪ್ ಜಾಯಿಂಟ್ ನೋಡಿ.

ನೀರು_ಮೊದಲು:
ಟಿಡಿಎಸ್ ನೋಡಿದರೆ ಸಾಲದು, ಗಡಸುತನ ಅಳೆಯಿರಿ. ಮನೆ ನೀರಿಗೆ ಸಿಗುವ ಹನಿ ಹಾಕುವ ಕಿಟ್ ಸಾಕು. 300 ಪಿಪಿಎಂ ದಾಟಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಮಲ್ಸಿಫೈಯರ್ (ಎಣ್ಣೆಯನ್ನು ನೀರಲ್ಲಿ ಬೆರೆತಿರುವಂತೆ ಹಿಡಿದಿಡುವ ವಸ್ತು) ಜೊತೆ ಸೇರಿ ಸೋಪಿನ ಕೆನೆ ಕಟ್ಟುತ್ತೆ, ಎಣ್ಣೆ ಬೇರ್ಪಡುತ್ತೆ. ಮೊದಲ ಭರ್ತಿಗೆ ಬೋರ್ ನೀರಿಗೆ ಆರ್‌ಒ ಬೆರೆಸಿ 100ರಿಂದ 150ಕ್ಕೆ ತನ್ನಿ. ಪೂರ್ತಿ ಆರ್‌ಒ ಆದರೆ ನೊರೆ. ಆದರೆ ಟಾಪ್-ಅಪ್‌ಗೆ ಬೆರೆಸುವ ನೀರು ಆರ್‌ಒ ಮಾತ್ರ: ಆವಿಯಾಗೋದು ನೀರು, ಉಪ್ಪು ಟ್ಯಾಂಕಲ್ಲೇ ಉಳಿದು ವಾರವಾರಕ್ಕೂ ಏರುತ್ತೆ.

ವಿಎಂಸಿ_ಪೀಣ್ಯ:
ಎರಡನೇ ಮಷೀನು ಇನ್ನೂ ವಾಸನೆ ಹಿಡಿದಿಲ್ಲ. ಅದೂ 3 ಬ್ರಿಕ್ಸೇ, 50 ಲೀಟರ್ ಕಮ್ಮಿ ಇದೆ. ಡಬ್ಬದ ಕೂಲಂಟ್ ಎಣ್ಣೆ ನೇರ ಸುರಿಯಲೇ? ಮೊದಲನೆಯದನ್ನು ಖಾಲಿ ಮಾಡಿ ತುಂಬಿದರೆ ಸಾಕೇ?

ಟೂಲ್‌ರೂಮ್:
ನೇರ ಸುರಿದರೆ ಬೆರೆಯಲ್ಲ, ತೇಲುತ್ತೆ. ಲೆಕ್ಕ ಹೀಗೆ: ಉಳಿದ 200 ಲೀಟರಲ್ಲಿ 3 ಪರ್ಸೆಂಟ್ ಅಂದರೆ 6 ಲೀಟರ್ ಎಣ್ಣೆ. 250ಕ್ಕೆ 6 ಪರ್ಸೆಂಟ್ ಬೇಕಾದರೆ 15. ಕೊರತೆ 9. ಡ್ರಮ್ಮಲ್ಲಿ 41 ಲೀಟರ್ ನೀರು ಹಿಡಿದು, ಕಲಕುತ್ತಾ 9 ಲೀಟರ್ ಎಣ್ಣೆ ಸಣ್ಣ ಧಾರೆಯಲ್ಲಿ ಬಿಡಿ. ಯಾವಾಗಲೂ ನೀರಿಗೆ ಎಣ್ಣೆ. ಎಣ್ಣೆಗೆ ನೀರು ಹಾಕಿದರೆ ಗಟ್ಟಿ ಮುದ್ದೆಯಾಗುತ್ತೆ. ಆಮೇಲಿನ ದಿನನಿತ್ಯದ ಟಾಪ್-ಅಪ್ 2–3 ಪರ್ಸೆಂಟಿಂದ ಶುರು ಮಾಡಿ, ರೀಡಿಂಗ್ ನೋಡಿ ಹೊಂದಿಸಿ. ಮೀಟರನ್ನು ಬೆರೆಸುವ ನೀರಿನಿಂದಲೇ ಸೊನ್ನೆ ಮಾಡಬೇಕು. ಗೆರೆ ಮಸುಕಾಗಿ ಕಂಡರೆ ಸ್ಯಾಂಪಲಲ್ಲಿ ಹೊರಗಿನ ಎಣ್ಣೆ ಇದೆ ಅಂತ.

ಒಂದನೆಯದನ್ನು ಬರೀ ಖಾಲಿ ಮಾಡಿದರೆ ಪೈಪಲ್ಲಿ, ಕನ್ವೇಯರ್ ಅಡಿಯಲ್ಲಿ ಅಂಟಿರುವ ಲೋಳೆ ಹೊಸದನ್ನೂ ಕೆಡಿಸುತ್ತೆ. ಹಳೆ ಕೂಲಂಟಿಗೇ ಸಿಸ್ಟಮ್ ಕ್ಲೀನರ್ 1–2 ಪರ್ಸೆಂಟ್ ಹಾಕಿ, ಡಬ್ಬದಲ್ಲಿ ಹೇಳಿದಷ್ಟು ಹೊತ್ತು ಎಲ್ಲಾ ನಾಜಲ್, ವಾಷ್ ಗನ್ ಮೂಲಕ ಸುತ್ತಿಸಿ. ಖಾಲಿ ಮಾಡಿ ಕೆಸರು ಕೆರೆದು ತೆಗೆಯಿರಿ. 1–2 ಪರ್ಸೆಂಟ್ ತೆಳು ಕೂಲಂಟಲ್ಲಿ ತೊಳೆದು ಅದನ್ನೂ ಚೆಲ್ಲಿ, ತಕ್ಷಣ ತುಂಬಿ. ವಾಸನೆ ಜೋರಿದ್ದಾಗ ಟ್ಯಾಂಕಿನೊಳಗೆ ತಲೆ ಹಾಕಬೇಡಿ. ಆ ಅನಿಲ ವಿಷ, ಸ್ವಲ್ಪ ಹೊತ್ತಿಗೆ ಮೂಗೂ ಮರಗಟ್ಟಿ ವಾಸನೆ ಗೊತ್ತಾಗಲ್ಲ.

ಬೀಡು_ಫೌಂಡ್ರಿ:
ಇಷ್ಟು ಮಾಡಿದರೂ ಬೀಡಿನ ನುಣ್ಣನೆ ಪುಡಿ ಬಿಟ್ಟರೆ ಪ್ರಯೋಜನವಿಲ್ಲ. ರಿಟರ್ನ್ ಬರುವ ಕಡೆ ಮ್ಯಾಗ್ನೆಟ್ ಇಡಿ, ದಿನಾ ಒರೆಸಿ. ಬಯೋಸೈಡ್ (ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ) ವಿಷಯದಲ್ಲಿ ನನ್ನ ಅಭಿಪ್ರಾಯ: ಡಬ್ಬದ ಅಳತೆಗೆ ಒಂದು ಹನಿ ಹೆಚ್ಚು ಬೇಡ, ಮೊದಲು ಆಪರೇಟರ್ ಕೈಗೆ ತುರಿಕೆ ಬರುತ್ತೆ. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ, ಕ್ಲೋರೈಡ್ ತುಕ್ಕು ತರುತ್ತೆ.

ತುಕ್ಕು ಪರೀಕ್ಷೆಗೆ ಫಿಲ್ಟರ್ ಪೇಪರ್ ಮೇಲೆ ಒಣ, ಶುಭ್ರ ಬೀಡಿನ ಚಿಪ್ಸ್ ಹರಡಿ, ಕೂಲಂಟಲ್ಲಿ ನೆನೆಸಿ ಮುಚ್ಚಿಡಿ. ಎರಡು ಗಂಟೆ ಬಿಟ್ಟು ಚಿಪ್ಸ್ ಉದುರಿಸಿದಾಗ ಪೇಪರಲ್ಲಿ ಕಂದು ಚುಕ್ಕೆ ಕಂಡರೆ ಸಾಂದ್ರತೆ ಸಾಲದು. ಹಳೆ ಕೂಲಂಟ್ ಚರಂಡಿಗೆ ಬಿಡಬೇಡಿ, ಡ್ರಮ್ಮಲ್ಲಿ ಕೂಡಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ.