ಅಪ್‌ಡೇಟ್: ಬಾಲಮಂದಿರ ಬಿಡಬೇಕಿದ್ದ ಹುಡುಗನಿಗೆ ಇರಲು ಜಾಗ ಸಿಕ್ಕಿತು

18 ತುಂಬಿ ಬಾಲಮಂದಿರ ಬಿಡುವ ಹುಡುಗ ಎಲ್ಲಿರಬೇಕು ಅಂತ ಕೇಳಿದ್ದೆನಲ್ಲ, ದಾರಿ ಸಿಕ್ಕಿತು. ಹಾಸ್ಟೆಲ್‌ಗೆ ಸೇರಿಸಿ ಅಂತ ಕೆಲವರು ಕೊಟ್ಟ ಸಲಹೆ ಫಲಿಸಲಿಲ್ಲ. ಪೋಷಕರ ಸಹಿ, ಕಾಯಂ ವಿಳಾಸ ಕೇಳಿದರು. ಕೆಲಸ ಮಾಡಿದ್ದು ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ ಅನುಪಾಲನೆಯ (ಆಫ್ಟರ್‌ಕೇರ್, ಅಂದರೆ ಬಾಲಮಂದಿರ ಬಿಟ್ಟ ಮೇಲೆ ಸಿಗುವ ಸರ್ಕಾರಿ ನೆರವು) ಆದೇಶ ಕೇಳಿ ಅಂದವರ ಮಾತು. ಆದೇಶ ನಮೂನೆ 37ರಲ್ಲಿ ಬರುತ್ತದೆ. ಹೊರಬರುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಸಮಿತಿಗೆ ಸಲ್ಲಿಕೆಯಾಗಬೇಕು ಅಂತ ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮ ಹೇಳುತ್ತದೆ. ಹುಟ್ಟುಹಬ್ಬದವರೆಗೆ ದಯವಿಟ್ಟು ಕಾಯಬೇಡಿ.

ಗೊತ್ತೇ ಇರದಿದ್ದ ವಿಷಯ: ಈ ನೆರವು 21 ವರ್ಷ ವಯಸ್ಸಿನವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. ಆರರಿಂದ ಎಂಟು ಜನರ ಗುಂಪು ವಸತಿಗೂ ಅವಕಾಶವಿದೆ.

ಇನ್ನೊಂದು, ಅನುಪಾಲನೆಯ ಹಣ ನೇರ ಹುಡುಗನ ಬ್ಯಾಂಕ್ ಖಾತೆಗೆ ಬರುತ್ತದೆ. ಅಪ್ರಾಪ್ತರ ಖಾತೆಯಾದರೆ 18 ತುಂಬಿದಾಗ ಪಾಲಕರ ಸಹಿ ನಡೆಯುವುದಿಲ್ಲ. ಅವನದೇ ಸಹಿ, ಹೊಸ ಕೆವೈಸಿ (ಬ್ಯಾಂಕಿನ ಗುರುತು-ವಿಳಾಸ ದಾಖಲೆ) ಮೊದಲು ಮಾಡಿಸಿ.