11×15 ಅಡಿಯ ಒಂದೇ ಕೋಣೆ. ಮಂಡಿ ಆಪರೇಷನ್ ಆದ ಅಮ್ಮ ಬರ್ತಿದ್ದಾರೆ. ಎಲ್ಲಿ ಏನು ಇಡಲಿ?

ಮಳೆಗಾಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮತ್ತಿಕೆರೆಯಲ್ಲಿ ಒಂದು ಕೋಣೆಯ ಮನೆಯಲ್ಲಿ ಮೂರು ವರ್ಷದಿಂದ ಒಬ್ಬಳೇ ಇದ್ದೇನೆ. ಬಾಡಿಗೆ ಮನೆ, ನೆಲಮಹಡಿ, ಓನರ್ ಮನೆಯ ಹಿಂಭಾಗ. ಬರೋದಕ್ಕೆ ಕಾಂಪೌಂಡ್ ಪಕ್ಕದ ಎರಡೂವರೆ ಅಡಿ ಓಣಿ ಒಂದೇ ದಾರಿ.

ಕೋಣೆ ಉದ್ದ 15 ಅಡಿ, ಅಗಲ 11 ಅಡಿ. ಉತ್ತರದ ಗೋಡೆಯಲ್ಲಿ ಬಾಗಿಲು, ಅದರ ಪಕ್ಕ ಕಿಟಕಿ. ದಕ್ಷಿಣದ ಕೊನೆಯಲ್ಲಿ ಐದಡಿ ಅಡುಗೆ ಕಟ್ಟೆ, ಅದರ ಪಕ್ಕ ಬಾತ್‌ರೂಮ್ ಬಾಗಿಲು. ಪಶ್ಚಿಮದ ಗೋಡೆ ಪೂರ್ತಿ ಖಾಲಿ. ಪೂರ್ವದ ಗೋಡೆಯಲ್ಲಿ ಮೂರಡಿ ಅಗಲದ ಗೂಡು ಇದೆ, ನಾಲ್ಕು ಕಡಪ ಕಲ್ಲಿನ ಹಲಗೆ, ಬಾಗಿಲಿಲ್ಲ. ಬಾತ್‌ರೂಮ್ ಮೇಲೆ ಅಟ್ಟ.

ನಾನು ಇಷ್ಟು ದಿನ ನೆಲದ ಮೇಲೆ ಹತ್ತಿ ಹಾಸಿಗೆ ಹಾಸಿ ಮಲಗುತ್ತಿದ್ದೆ. ಬೆಳಿಗ್ಗೆ ಎದ್ದು ಸುತ್ತಿಟ್ಟರೆ ಕೋಣೆಯೆಲ್ಲ ನನ್ನದೇ. ಒಂದು ಕಬ್ಬಿಣದ ಬೀರು, ನಾಲ್ಕಡಿಯ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಆರು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ, ನೆಲಕ್ಕೊಂದು ನವಲಗುಂದದ ಜಮಖಾನ. ಇಷ್ಟೇ ಸಾಮಾನು.

ಅಮ್ಮ ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಮುಂದಿನ ತಿಂಗಳು ಇಲ್ಲೇ ಬೆಂಗಳೂರಲ್ಲಿ ಮಂಡಿ ಬದಲಿಸುವ ಆಪರೇಷನ್. ಆಮೇಲೆ ಮೂರು ತಿಂಗಳು ನನ್ನ ಜೊತೆ ಇರುತ್ತಾರೆ. ಅವರು ನೆಲದ ಮೇಲೆ ಕೂರುವ ಹಾಗಿಲ್ಲ, ವಾಕರ್ ಹಿಡಿದು ನಡೆಯಬೇಕು. ನಾನು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ, ಫೋನಲ್ಲಿ ಮೀಟಿಂಗ್ ಇರುತ್ತದೆ.

ನನ್ನ ಹತ್ತಿರ ಇರೋದು 35,000 ರೂಪಾಯಿ. ಗೋಡೆಗೆ ನಾಲ್ಕು ತೂತು ಕೊರೆಯಲು ಓನರ್ ಒಪ್ಪಿದ್ದಾರೆ, ಅದಕ್ಕಿಂತ ಜಾಸ್ತಿ ಬೇಡ ಅಂದಿದ್ದಾರೆ. ಹಗಲು ಗೋಡೆಗೆ ಮಡಚಿಡುವ ಮಂಚ ನೋಡಿದೆ, ಸೋಫಾ ಕಮ್ ಬೆಡ್ ನೋಡಿದೆ. ಯಾವುದು ಸರಿ ಅಂತ ತಿಳಿಯುತ್ತಿಲ್ಲ.

ಅಮ್ಮ ಅಂಗಳ, ಹಿತ್ತಿಲು, ಕೊಟ್ಟಿಗೆ ಅಂತ ಓಡಾಡಿಕೊಂಡೇ ಬದುಕಿದವರು. ಇಲ್ಲಿ ಸಾಮಾನಿನ ಮಧ್ಯೆ ಸಿಕ್ಕಿಹಾಕಿಕೊಂಡ ಹಾಗೆ ಅವರಿಗೆ ಅನಿಸಬಾರದು. ನನಗೆ ಅದೊಂದೇ ಚಿಂತೆ.

---

ಹೊಸಮನೆ

ಮೇಡಂ, ನಾನು ಮೈಸೂರಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಹಾಂಗ್‌ಕಾಂಗ್‌ನಲ್ಲಿ ಗ್ಯಾರಿ ಚಾಂಗ್ ಅಂತ ಒಬ್ಬ ಆರ್ಕಿಟೆಕ್ಟ್ ಇದ್ದಾರೆ. ಚಿಕ್ಕಂದಿನಲ್ಲಿ ಮನೆಯವರೆಲ್ಲರ ಜೊತೆ ಇದ್ದ 32 ಚದರ ಮೀಟರಿನ ಫ್ಲಾಟನ್ನೇ ಅವರು ಮತ್ತೆ ಕಟ್ಟಿಕೊಂಡರು. ಸೂರಿಗೆ ಹಳಿ ಹಾಕಿ ಗೋಡೆಗಳೇ ಜರುಗುವ ಹಾಗೆ ಮಾಡಿದ್ದಾರೆ. ಒಂದೇ ಜಾಗ 24 ಬಗೆಯಲ್ಲಿ ಬದಲಾಗುತ್ತದೆ. ಗೋಡೆ ಎಳೆದರೆ ಹಿಂದೆ ಅಡುಗೆಮನೆ, ಇನ್ನೊಂದು ಎಳೆದರೆ ಸ್ನಾನದ ತೊಟ್ಟಿ.

ನಿಮ್ಮದು ಅದರ ಅರ್ಧದಷ್ಟೂ ಇಲ್ಲ. ಆದರೂ ದಾರಿ ಅದೇ ಅಲ್ವಾ? ಒಂದೊಂದು ಸಾಮಾನೂ ಎರಡು ಕೆಲಸ ಮಾಡಬೇಕು. ಮಂಚ ಮಡಚಿದರೆ ಅದರ ತಳಕ್ಕೆ ಮೇಜು ಸೇರಿರುವಂಥದ್ದು ಸಿಗುತ್ತದೆ. ಇಲ್ಲದಿದ್ದರೆ ಹೈಡ್ರಾಲಿಕ್ ಮಂಚ ತಗೊಳ್ಳಿ. ಮೇಲಿನ ಹಲಗೆ ಎತ್ತಿದರೆ ಒಳಗೆ ಆರೂ ಪೆಟ್ಟಿಗೆ ಪುಸ್ತಕ ಹಿಡಿಯುತ್ತದೆ.

---

ಉಳಿಬಾಚಿ

ಅಕ್ಕ, ನಾನು ಬಡಗಿ. ತೀರ್ಥಹಳ್ಳಿ ಕಡೆಯವನು, ಇಲ್ಲಿ ಪೀಣ್ಯದಲ್ಲಿ ಶೆಡ್ ಇದೆ. ಮೇಲಿನ ತಮ್ಮ ಹೇಳಿದ್ದು ಗಟ್ಟಿ ಕಾಲಿನವರಿಗೆ ಸರಿ. ನಿಮ್ಮ ಅಮ್ಮನಿಗೆ ಆಗಲ್ಲ.

ಆಪರೇಷನ್ ಆದವರು ಹಗಲಲ್ಲೂ ನಾಲ್ಕೈದು ಸಲ ಮಲಗಿ ಏಳುತ್ತಾರೆ. ಹಗಲು ಮಡಚಿಟ್ಟ ಮಂಚ ಅವರಿಗೆ ಏನು ಉಪಯೋಗ? ಅದು ಮಗುಚದ ಹಾಗೆ ಗೋಡೆಯೇ ಹಿಡಿಯಬೇಕು, ನಾಲ್ಕು ತೂತಿಗೆ ನಾನಂತೂ ಅದನ್ನು ನಿಲ್ಲಿಸಿ ಕೊಡಲ್ಲ. ಹೈಡ್ರಾಲಿಕ್ ಮಂಚದ್ದು ಬೇರೆ ತೊಂದರೆ. ಒಳಗಿನ ಒಂದು ಪುಸ್ತಕ ಬೇಕು ಅಂದರೂ ಅಮ್ಮನನ್ನು ಎಬ್ಬಿಸಬೇಕು. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ಮಂಚದಿಂದ ಏಳುವಾಗ ನಾವೆಲ್ಲ ಪಾದವನ್ನು ಸ್ವಲ್ಪ ಹಿಂದಕ್ಕೆ, ಮಂಚದ ಅಡಿಗೆ ಎಳೆದುಕೊಳ್ಳುತ್ತೇವೆ. ಈಗಲೇ ಕೂತು ಎದ್ದು ನೋಡಿ. ನೆಲದವರೆಗೂ ಪೆಟ್ಟಿಗೆ ಇರುವ ಮಂಚದಲ್ಲಿ ಹಿಮ್ಮಡಿ ಹಲಗೆಗೆ ತಾಗಿ ನಿಲ್ಲುತ್ತದೆ. ನೋವಿರುವ ಮಂಡಿಗೆ ಅದು ತುಂಬ ಕಷ್ಟ.

ಹಾಗಾಗಿ ನನ್ನ ಮಾತು ಇಷ್ಟೇ. ಅಮ್ಮನ ಮಂಚ ಪಶ್ಚಿಮದ ಗೋಡೆ ಪಕ್ಕ ಒಂದೇ ಕಡೆ ನಿಲ್ಲಲಿ, ಅದನ್ನು ಮಡಚೋದು ಬೇಡ. ಮಡಚುವುದೇನಿದ್ದರೂ ನಿಮ್ಮ ಸಾಮಾನು ಮಡಚಿ.

ಅಮ್ಮನನ್ನು ಕುರ್ಚಿ ಮೇಲೆ ಕೂರಿಸಿ, ಮಂಡಿ ಹಿಂದಿನ ಮಡಿಕೆಯಿಂದ ನೆಲಕ್ಕೆ ಅಳೆಯಿರಿ. ಅದಕ್ಕೆ ಎರಡು ಇಂಚು ಸೇರಿಸಿ. ಕೂತಾಗ ಹಾಸಿಗೆ ಕುಗ್ಗುತ್ತದಲ್ಲ, ಅದಕ್ಕೆ ಇನ್ನೊಂದು ಇಂಚು. 17 ಬಂದರೆ ಹಾಸಿಗೆಯ ಮೇಲ್ಭಾಗ 20 ಇಂಚಿಗೆ ಬರಬೇಕು. ಫಿಸಿಯೋಥೆರಪಿಯವರಿಗೂ ಒಮ್ಮೆ ತೋರಿಸಿಕೊಳ್ಳಿ. ಈಗ ಲೆಕ್ಕ ನೋಡಿ: 20ರಲ್ಲಿ ಹಾಸಿಗೆ 5 ಇಂಚು, ಚೌಕಟ್ಟು ಮತ್ತು ಹಲಗೆ 2 ಇಂಚು. ಕೆಳಗೆ 13 ಇಂಚು ಖಾಲಿ ಸಿಗುತ್ತದೆ. 10 ಇಂಚು ಎತ್ತರದ ಪೆಟ್ಟಿಗೆಗೆ 2 ಇಂಚಿನ ಗಾಲಿ ಹಾಕಿದರೆ ಸರಾಗವಾಗಿ ಒಳಗೆ ಹೋಗುತ್ತದೆ. ಮೂರಡಿ ಉದ್ದದ್ದು ಎರಡು ಮಾಡಿಸಿ. ಆದರೆ ಅಮ್ಮ ಕಾಲಿಳಿಸುವ ಜಾಗದಲ್ಲಿ ಪೆಟ್ಟಿಗೆ ಒಂದು ಗೇಣು ಒಳಗೇ ಇರಲಿ, ಪಾದಕ್ಕೆ ಜಾಗ ಬೇಕು.

ಮಂಚಕ್ಕೆ ಮರ ಬೇಡ. ನಾನು ಬಡಗಿಯಾಗಿ ಹೇಳುತ್ತಿದ್ದೇನೆ. ನಿಮ್ಮ ದುಡ್ಡಿಗೆ ಸಿಗುವ ಮರ ಚೆನ್ನಾಗಿರಲ್ಲ, ಎರಡೂವರೆ ಅಡಿ ಓಣಿಯಲ್ಲಿ ಕಟ್ಟಿದ ಮಂಚ ತಿರುಗುವುದೂ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ ಮಾಡಿಸಿ, ನಟ್ಟು ಬೋಲ್ಟು ಹಾಕಿ ಬಿಚ್ಚುವ ಹಾಗೆ. ಮನೆ ಬದಲಿಸುವಾಗಲೂ ಸುಲಭ.

ಮೇಜಿನ ವಿಷಯ. ಆ ನಾಲ್ಕಡಿ ಮೇಜನ್ನು ಯಾರಿಗಾದರೂ ಕೊಟ್ಟುಬಿಡಿ. ಪೂರ್ವದ ಗೋಡೆಗೆ ಮೂರಡಿ ಉದ್ದದ ಮರದ ಪಟ್ಟಿಯನ್ನು ಮೂರು ತೂತಿನಲ್ಲಿ ಬಿಗಿಯಿರಿ. ಅದಕ್ಕೆ ಪಿಯಾನೋ ಹಿಂಜ್, ಅಂದರೆ ಉದ್ದಕ್ಕೂ ಬರುವ ಕೀಲು ಹಾಕಿ 18 ಮಿಮೀ ಪ್ಲೈವುಡ್ಡಿನ ಹಲಗೆ, 3 ಅಡಿಗೆ ಒಂದೂವರೆ ಅಡಿ. ಕೆಳಗೊಂದು ಮಡಚುವ ಕಾಲು ಇರಲಿ, ಆಗ ಭಾರ ಪೂರ್ತಿ ಗೋಡೆ ಮೇಲಿಲ್ಲ, ಕಾಲೂ ಹೊರುತ್ತದೆ. ಆ ದಪ್ಪದ ಪ್ಲೈ ಚದರಡಿಗೆ ಸುಮಾರು ಒಂದು ಕಿಲೋ ತೂಗುತ್ತದೆ, ಅಂದರೆ ಹಲಗೆ ಐದು ಕಿಲೋ ಒಳಗೇ. ನೆಲದಿಂದ 29 ಇಂಚಿಗೆ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಇಳಿಬಿಟ್ಟರೆ ಗೋಡೆಯಿಂದ ಮೂರು ಇಂಚಷ್ಟೇ ಮುಂದಕ್ಕೆ ಬರುತ್ತದೆ.

ಪ್ಲೈ ತರುವಾಗ ಹಾಳೆ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಮೇಜಿಗೆ ಸಾಕು. ಅಡುಗೆ ಕಟ್ಟೆ ಕೆಳಗೆ ಏನಾದರೂ ಮಾಡಿಸಿದರೆ ಮಾತ್ರ ಐಎಸ್ 710, ಅದು ನೀರು ತಾಳುವ ಮರೈನ್ ಪ್ಲೈ. ನೆಲಮಹಡಿ ಅಂತೀರಿ, ಗೋಡೆಯಲ್ಲಿ ಥಂಡಿ ಇದ್ದರೆ ಯಾವ ಸಾಮಾನನ್ನೂ ಗೋಡೆಗೆ ಅಂಟಿಸಿ ಇಡಬೇಡಿ. ಎರಡು ಬೆರಳಷ್ಟು ಗಾಳಿ ಆಡಲಿ.

---

ಗಿರ್‌ಗಾಂವ್ ಕನ್ನಡಿಗ

ತಂಗೀ, ನಿಮ್ಮ ಕೋಣೆ ಲೆಕ್ಕ ಹಾಕಿದೆ, 165 ಚದರಡಿ. ಮುಂಬಯಿಯ ವರ್ಲಿಯ ಬಿಡಿಡಿ ಚಾಳ್ ಅಂದರೆ 1920ರ ದಶಕದ ಕಟ್ಟಡಗಳು, ನಮ್ಮ ವಠಾರದ ಹಾಗೆ. ಅಲ್ಲಿ ಒಂದು ಖೋಲಿ, ಅಂದರೆ ಕೋಣೆ, 160 ಚದರಡಿ. ನನ್ನ ಚಿಕ್ಕಪ್ಪ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಅಂಥ ಖೋಲಿಯಲ್ಲಿ ಸಂಸಾರ ಮಾಡಿದರು. ಏಳು ಜನ. ನಾನೂ ಎರಡು ವರ್ಷ ಅಲ್ಲೇ ಇದ್ದು ಕಾಲೇಜಿಗೆ ಹೋದೆ. ಅಲ್ಲಿ ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ಖೋಲಿಯಲ್ಲಿ ಒಂದೇ ಕಬ್ಬಿಣದ ಮಂಚ. ಅದು ಅಜ್ಜಿಯದು, ಬೇರೆ ಯಾರೂ ಕೂರುತ್ತಿರಲಿಲ್ಲ. ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು, ಕೆಳಗೆ ಎಲ್ಲರ ಟ್ರಂಕು. ಬಡಗಿ ಅಣ್ಣ ಹೇಳಿದ ಲೆಕ್ಕವೇ ಅದು. ಆದರೆ ನಿಮ್ಮ ಅಮ್ಮನಿಗೆ ಇಟ್ಟಿಗೆ ಬೇಡ, ಜರುಗುತ್ತದೆ.

ನಾನು ಹೇಳಬೇಕಾದ್ದು ಬೀರುವಿನ ಬಗ್ಗೆ. ಅದನ್ನು ಗೋಡೆಗೆ ಬೆನ್ನು ಮಾಡಿ ಇಡಬೇಡಿ. ಒಂದು ಪಕ್ಕವನ್ನು ಪಶ್ಚಿಮದ ಗೋಡೆಗೆ ಕೊಟ್ಟು ಕೋಣೆಗೆ ಅಡ್ಡವಾಗಿ ನಿಲ್ಲಿಸಿ. ಬೀರು ಮೂರಡಿ ಅಗಲ, ಮಂಚವೂ ಮೂರಡಿ ಅಗಲ. ಬೀರುವಿನ ಬೆನ್ನು ಮಂಚದ ತಲೆಗೆ ಬರಲಿ, ಬಾಗಿಲು ಅಡುಗೆ ಕಟ್ಟೆ ಕಡೆ ತೆರೆಯಲಿ. ಆಗ ಅಮ್ಮನಿಗೆ ಒಗ್ಗರಣೆ ಹೊಗೆ ಮುಖಕ್ಕೆ ಬರಲ್ಲ, ಬಾಗಿಲಲ್ಲಿ ಯಾರಾದರೂ ನಿಂತರೆ ಅವರ ಕಣ್ಣೂ ಒಲೆವರೆಗೆ ಹೋಗಲ್ಲ. ಸೀರೆ ಉಟ್ಟುಕೊಳ್ಳಲೂ ಹಿಂದೆ ಒಂದು ಮರೆ ಸಿಗುತ್ತದೆ. ನಮ್ಮ ಚಿಕ್ಕಮ್ಮ ಐದು ಗಂಡಸರಿದ್ದ ಖೋಲಿಯಲ್ಲಿ ಹಾಗೇ ಮರ್ಯಾದೆಯಿಂದ ಬಾಳಿದರು. ಉಳಿದ ನಾಲ್ಕನೇ ತೂತನ್ನು ಇದಕ್ಕೆ ಬಳಸಿ. ಬೀರುವಿನ ನೆತ್ತಿಗೆ ಒಂದು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಯಲೇಬೇಕು. ಆಯ ತಪ್ಪಿದರೆ ಅಮ್ಮ ಅದನ್ನೇ ಹಿಡಿದುಕೊಳ್ಳುತ್ತಾರೆ.

---

ಮಳೆಗಾಲ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಬಡಗಿ ಅಣ್ಣ ಹೇಳಿದ ಹಾಗೆ ಕೂತು ಎದ್ದು ನೋಡಿದೆ, ಪಾದ ತಾನಾಗೇ ಹಿಂದಕ್ಕೆ ಹೋಯಿತು! ಒಂದು ಅನುಮಾನ. ಅಮ್ಮ ಉತ್ತರಕ್ಕೆ ತಲೆ ಹಾಕಿ ಮಲಗಲ್ಲ. ಬೀರು ದಕ್ಷಿಣಕ್ಕೆ ಬಂದರೆ ತಲೆಯೂ ದಕ್ಷಿಣಕ್ಕೆ, ಸರಿಹೋಯಿತು. ಆದರೆ ಬಾತ್‌ರೂಮ್ ದಾರಿ ಕಿರಿದಾಗಲ್ವಾ?

---

ಉಳಿಬಾಚಿ

ಇಲ್ಲ ಅಕ್ಕ. 11 ಅಡಿಯಲ್ಲಿ ಮಂಚ 3 ಹೋದರೆ 8 ಉಳಿಯಿತು. ರಾತ್ರಿ ನಿಮ್ಮ ಹಾಸಿಗೆ ಎರಡೂವರೆ ಅಡಿ, ಅದು ಪೂರ್ವದ ಗೋಡೆ ಪಕ್ಕ. ಮಧ್ಯೆ ಐದೂವರೆ ಅಡಿ ಇದೆ. ವಾಕರ್ ಸುಮಾರು ಎರಡಡಿ ಅಗಲ, ಓಡಾಡಲು ಮೂರಡಿ ಸಾಕು. ಬೀರು ಮತ್ತು ಅಡುಗೆ ಕಟ್ಟೆ ನಡುವೆ ಮಾತ್ರ ಮೂರೂವರೆ ಅಡಿಗಿಂತ ಕಡಿಮೆ ಮಾಡಬೇಡಿ, ಅಲ್ಲಿ ತಿರುಗಬೇಕು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಹಾಕಿ ಎರಡು ದಿನ ಓಡಾಡಿ ನೋಡಿ, ಆಮೇಲೆ ದುಡ್ಡು ಕೊಡಿ.

---

ಮಳೆಗಾಲ

ಏಳು ವಾರ ಆಯಿತು. ಅಮ್ಮ ಬಂದು 19 ದಿನ. ಏನಾಯಿತು ಅಂತ ಹೇಳದೆ ಇರಲು ಮನಸ್ಸು ಬರಲಿಲ್ಲ.

ಮಂಚ ಯಶವಂತಪುರದ ಹತ್ತಿರ ವೆಲ್ಡಿಂಗ್ ಮಾಡುವವರು ಮಾಡಿಕೊಟ್ಟರು. ಹಾಸಿಗೆ ಸೇರಿ 20 ಇಂಚು. ಆರು ತುಂಡಾಗಿ ಓಣಿಯಲ್ಲಿ ಬಂತು, ಅರ್ಧ ಗಂಟೆಯಲ್ಲಿ ನಿಂತಿತು. ಗಾಲಿ ಪೆಟ್ಟಿಗೆ ಎರಡೂ ಒಳಗೆ ಹೋಗುತ್ತವೆ. ಮೊದಲು ಹಾಕಿಸಿದ ಗಾಲಿ ಟೈಲ್ಸ್ ಮೇಲೆ ತಾವಾಗೇ ಜಾರುತ್ತಿದ್ದವು, ಒಮ್ಮೆ ಪೆಟ್ಟಿಗೆ ಅರ್ಧ ಹೊರಗೆ ಬಂದಿತ್ತು. ಎದೆ ಧಸಕ್ಕೆಂದಿತು. ಅಂದೇ ಬ್ರೇಕ್ ಇರುವ ಗಾಲಿ ಬದಲಿಸಿದೆ. ಮಾಡಿಸುವವರು ಮೊದಲೇ ಬ್ರೇಕ್ ಇರೋದನ್ನೇ ಕೇಳಿ.

ಪುಸ್ತಕ ಎಲ್ಲ ಮಂಚದ ಕೆಳಗೆ. ಅಮ್ಮನ ಸೀರೆ, ಮಾತ್ರೆ, ಕನ್ನಡಕ, ಕೊಬ್ಬರಿ ಎಣ್ಣೆ ಎಲ್ಲ ಗೂಡಿನ ಮಧ್ಯದ ಎರಡು ಹಲಗೆ ಮೇಲೆ. ಅವರು ಬಗ್ಗಬೇಕಿಲ್ಲ, ಕೈ ಎತ್ತಬೇಕಿಲ್ಲ. ಗೂಡಿಗೆ ಬಾಗಿಲಿನ ಬದಲು ಹಳೇ ಇಳಕಲ್ ಸೀರೆ ಇಳಿಬಿಟ್ಟಿದ್ದೇನೆ.

ಜಮಖಾನ ತೆಗೆಯಬೇಕಾಯಿತು. ವಾಕರ್ ಕಾಲು ಅಂಚಿಗೆ ಸಿಕ್ಕಿದರೆ ಬೀಳುತ್ತಾರೆ ಅಂತ ಫಿಸಿಯೋಥೆರಪಿಯವರು ಮೊದಲ ದಿನವೇ ಹೇಳಿದರು. ಅಟ್ಟಕ್ಕೆ ಹಾಕಲು ಮನಸ್ಸಾಗಲಿಲ್ಲ, ಅದರ ಮೇಲಿನ ನವಿಲು ನನಗೆ ತುಂಬ ಇಷ್ಟ. ಬೀರುವಿನ ಬೆನ್ನು ಕಬ್ಬಿಣ ಅಲ್ವಾ? ಎಂಟು ದೊಡ್ಡ ಅಯಸ್ಕಾಂತ ತಂದು ಜಮಖಾನವನ್ನು ಅದಕ್ಕೇ ತೂಗುಹಾಕಿದೆ. ಅಮ್ಮ ದಿಂಬಿಟ್ಟು ಒರಗಿದರೆ ತಗಡು ತಣ್ಣಗೆ ತಾಗಲ್ಲ, ಶಬ್ದವೂ ಬರಲ್ಲ.

ನನ್ನ ಹತ್ತಿ ಹಾಸಿಗೆ ಹಗಲು ಸುತ್ತಿದರೆ ಅಮ್ಮನ ಬೆನ್ನ ಹಿಂದಿನ ಲೋಡು. ಮೇಜಿನ ಹಲಗೆ ಮೀಟಿಂಗ್ ಇದ್ದಾಗ ಮಾತ್ರ ಮೇಲೆ. ಕೋಣೆಯ ನಡುವೆ ಏನೂ ಇಲ್ಲ. ಅಮ್ಮ ಬೆಳಿಗ್ಗೆ ಕಿಟಕಿಯಿಂದ ಅಡುಗೆ ಕಟ್ಟೆವರೆಗೆ ಹತ್ತು ಸಲ ನಡೆಯುತ್ತಾರೆ, ನಾನು ಎಣಿಸುತ್ತೇನೆ.

ನಿನ್ನೆ ಮೀಟಿಂಗ್ ಮುಗಿಸಿ ಹಲಗೆ ಇಳಿಸಲು ಹೋದೆ. "ಇರಲಿ ಬಿಡೇ, ಬೀನ್ಸ್ ತಂದುಕೊಡು" ಅಂದರು. ಮಂಚದಿಂದ ತಾವೇ ಎದ್ದು, ವಾಕರ್ ಹಿಡಿದು ಬಂದು, ನನ್ನ ಕುರ್ಚಿಯಲ್ಲಿ ಕೂತು ಪೂರ್ತಿ ಅರ್ಧ ಕಿಲೋ ಹೆಚ್ಚಿಕೊಟ್ಟರು.